ಬೋರ್‌ವೆಲ್ ಮೂರು, ಜಲಪುರ

'ಸಮುದಾಯ' ಅನ್ನುವ ಪದ ಬಾಯಿಗೆ ಬಂದರೆ ಸಾಕು, ಗೌತಮಿ ಮೇಡಂ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತದೆ, ಮಂಗಳಾರತಿ ತೆಗೆದುಕೊಳ್ಳುವವರ ಹಾಗೆ. ಯಲಹಂಕದಿಂದ ಆಚೆ, ಗಾಜಿನ ಕಟ್ಟಡಗಳ ಸಪ್ತಾಂಕುರ ವಿಶ್ವವಿದ್ಯಾಲಯದಲ್ಲಿ 'ಪರಿಸರ ನ್ಯಾಯ ಮತ್ತು ಪ್ರಾದೇಶಿಕ ಸಮಾನತೆ ಕೇಂದ್ರ' ಅಂತ ಒಂದಿದೆ. ಮೇಡಂ ಅದರ ನಿರ್ದೇಶಕಿ. ನಾನು, ಆರ್.ಟಿ. ನಗರದ ಶುಭಾ, ಅಲ್ಲಿ ಸಮುದಾಯ ಸಂಪರ್ಕಾಧಿಕಾರಿ. ಹಾಗಂದರೆ ಮೇಡಂ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹೊನ್ನಕುಂಟೆಯ ಹೆಂಗಸರಿಗೆ ಕನ್ನಡದಲ್ಲಿ ಹೇಳುವುದು, ಹೆಂಗಸರು ಕನ್ನಡದಲ್ಲಿ ಬೈದಿದ್ದನ್ನು ಮೇಡಂಗೆ ಇಂಗ್ಲಿಷಿನಲ್ಲಿ ಹೊಗಳಿಕೆ ಮಾಡಿ ಒಪ್ಪಿಸುವುದು.

ಹೊನ್ನಕುಂಟೆ ಇರುವುದು ತುಮಕೂರು ರಸ್ತೆಯಲ್ಲಿ, ಮಾಕಳಿಯಿಂದ ಮೂರು ಕಿಲೋಮೀಟರ್ ಒಳಗೆ. ಕಾವೇರಿ ನೀರು ಅಲ್ಲಿಗೆ ಇನ್ನೂ ಬಂದಿಲ್ಲ. ಬರುತ್ತದೆ ಅನ್ನುವ ಬ್ಯಾನರ್ ಮಾತ್ರ ಪ್ರತಿ ಚುನಾವಣೆಗೂ ತಪ್ಪದೆ ಬರುತ್ತದೆ. ಊರಿಗೆಲ್ಲ ಬೋರ್‌ವೆಲ್ಲೇ ಗತಿ. ಊರಂಚಿನ ಹೊಲದಲ್ಲಿ ಅನಂತರಾಜು ಅನ್ನುವವನು ತಗಡಿನ ಶೆಡ್ ಎಬ್ಬಿಸಿ ಪ್ಲೇಟಿಂಗ್‌ನವರಿಗೆ ಬಾಡಿಗೆಗೆ ಕೊಟ್ಟಿದ್ದ. ನಲ್ಲಿಗೂ ಬೈಕಿನ ಬಿಡಿಭಾಗಕ್ಕೂ ಫಳಫಳ ಹೊಳಪು ಹಚ್ಚುವ ಕೆಲಸ ಅದು. ತೊಳೆದ ನೀರು ಶೆಡ್ಡಿನ ಹಿಂದಿನ ಗುಂಡಿಗೆ ಹೋಗಿ, ಗುಂಡಿಯಿಂದ ನೆಲಕ್ಕೆ ಇಳಿಯುತ್ತಿತ್ತು. ಕೃಷ್ಣಮ್ಮನ ಮನೆ ಆ ಗುಂಡಿಯಿಂದ ಕೂಗಳತೆಯಲ್ಲಿತ್ತು.

ಆಕೆಯ ಬೋರಿನ ನೀರನ್ನು ಬಿಂದಿಗೆಯಲ್ಲಿ ಹಿಡಿದಿಟ್ಟರೆ ಅರಿಶಿನ ಕದಡಿದ ಬಣ್ಣ. ಗಂಡ ಲಕ್ಕಣ್ಣನ ಪಾದದಲ್ಲಿ ವಾಸಿಯಾಗದ ಹುಣ್ಣು. ಆರು ವರ್ಷದ ಮೊಮ್ಮಗಳು ನಯನಾಗೆ ಬಾಯೊಳಗೆ ಹುಣ್ಣು, ಖಾರ ತಾಗಿದರೆ ಚೀರುತ್ತಿತ್ತು. ಈ ನೀರಿನಲ್ಲಿ ವಿಷ ಇದೆ ಅಂತ ಓದಿದವರು ಯಾರಾದರೂ ಬರೆದುಕೊಟ್ಟರೆ ಆ ಕಾಗದ ಹಿಡಿದು ಶೆಡ್ ಮುಚ್ಚಿಸಬಹುದು ಅಂತ ಕೃಷ್ಣಮ್ಮ ಲೆಕ್ಕ ಹಾಕಿದ್ದಳು. ಆಕೆಗೆ ನಮ್ಮಿಂದ ಬೇಕಾಗಿದ್ದದ್ದು ಆ ಒಂದು ಕಾಗದ.

ನಾವು ಕೊಟ್ಟದ್ದು ಕಾರ್ಯಾಗಾರ. ಮೊದಲ ಸಲ ಹೋದಾಗ ಹೆಂಗಸರನ್ನು ಶಾಲೆಯ ಜಗಲಿ ಮೇಲೆ ಕೂರಿಸಿ, ಚಾರ್ಟ್ ಹಾಳೆ, ಬಣ್ಣದ ಪೆನ್ನು ಹಂಚಿದೆವು. ಪ್ರತಿಯೊಬ್ಬರೂ ತಮ್ಮ 'ನೀರಿನ ಪಯಣ'ದ ಚಿತ್ರ ಬರೆಯಬೇಕು. ಹೊಲ ಗದ್ದೆ, ಮನೆ ಮಠ, ಹಸು ಕರು ಬಿಟ್ಟು ಬಂದು ಕೂತವರು ಪಾಪ, ಎಲ್.ಕೆ.ಜಿ. ಮಕ್ಕಳ ಹಾಗೆ ನೀಲಿ ಗೆರೆ ಎಳೆದರು. ಕೃಷ್ಣಮ್ಮ ಹಳದಿ ಪೆನ್ನು ತೆಗೆದುಕೊಂಡು ಬಿಂದಿಗೆ ಬರೆದಳು.

"ಎಷ್ಟು ಕಾವ್ಯಾತ್ಮಕ!" ಅಂದರು ಮೇಡಂ.

"ಏನಂತೆ?" ಅಂತ ಕೃಷ್ಣಮ್ಮ ನನ್ನನ್ನು ಕೇಳಿದಳು.

"ಚೆನ್ನಾಗಿದೆ ಅಂತಿದಾರೆ."

"ನೀರಾ? ಚೆನ್ನಾಗೈತಾ?" ಅಂತ ಆಕೆ ಪೆನ್ನು ಕೆಳಗಿಟ್ಟಳು. ಅದನ್ನು ನಾನು ಭಾಷಾಂತರ ಮಾಡಲಿಲ್ಲ.

ಆಮೇಲೆ ಬಂತು ಒಪ್ಪಿಗೆ ಪತ್ರ. ಎಂಟು ಪುಟ. ನಮ್ಮ ವಿಶ್ವವಿದ್ಯಾಲಯದ ನೀತಿ ಸಮಿತಿ ಅದನ್ನು ನಾಲ್ಕು ಸಲ ತಿದ್ದಿತ್ತು. ಹಿಂದೆ ಯಾವುದೋ ದೇಶದಲ್ಲಿ ಯಾರೋ ಡಾಕ್ಟರುಗಳು ಬಡವರ ಮೈಮೇಲೆ ಗುಟ್ಟಾಗಿ ಪ್ರಯೋಗ ಮಾಡಿದ್ದರಂತೆ. ಅದಕ್ಕೆ ಈಗ ಬಡವರ ಹೆಸರು, ಊರು, ಗುರುತು ಯಾವುದನ್ನೂ ಹೊರಗೆ ಬಿಡಬಾರದಂತೆ. ಕನ್ನಡಕ್ಕೆ ತಂದವಳು ನಾನೇ. 'ನಿಮ್ಮ ಹೆಸರಾಗಲಿ, ನಿಮ್ಮ ಗ್ರಾಮದ ಹೆಸರಾಗಲಿ, ನಿಮ್ಮ ಜಲಮೂಲದ ಗುರುತಾಗಲಿ ಯಾವ ವರದಿಯಲ್ಲೂ ಪ್ರಕಟವಾಗುವುದಿಲ್ಲವೆಂದು ಈ ಮೂಲಕ ಭರವಸೆ ನೀಡುತ್ತೇವೆ.' ಎಷ್ಟು ಚಂದ ಬರೆದಿದ್ದೀನಿ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಜಗಲಿ ಮೇಲೆ ಅದನ್ನು ಗಟ್ಟಿಯಾಗಿ ಓದಿದಾಗ ಕೃಷ್ಣಮ್ಮ ತಡೆದಳು. "ಎಸ್ರು ಯಾಕ್ ಬರಬಾರ್ದು ಸುಬಮ್ಮ? ನಾವೇನ್ ಕಳ್ತನ ಮಾಡಿದೀವಾ?"

"ಹಾಗಲ್ಲ ಕೃಷ್ಣಮ್ಮಾರೇ, ನಿಮ್ಮ ರಕ್ಷಣೆಗೆ ಅದು. ಅನಂತರಾಜು ನಾಳೆ ಬಂದು ಗಲಾಟೆ ಮಾಡಿದ್ರೆ?"

"ಅನಂತರಾಜು ನಮ್ ಯಜಮಾನ್ರಿಗೆ ದಾಯಾದಿ ಕಣಮ್ಮ. ಅವನ ಮನೆ ಬಾಗ್ಲಲ್ಲಿ ನಿಂತು ವಾರಕ್ಕೆರಡು ಸಲ ಬೈದ್ ಬರ್ತೀನಿ. ನಾನ್ ಯಾರು ಅಂತ ಅವನಿಗೆ ಗೊತ್ತಿಲ್ವಾ?"

ಇಡೀ ಜಗಲಿ ನಕ್ಕಿತು. ನಾನೂ ನಕ್ಕೆ. ಮೇಡಂ "ಏನು, ಏನು?" ಅಂತ ಕೇಳಿದರು. ಸಮುದಾಯದವರು ಗೌಪ್ಯತೆಯನ್ನು ತುಂಬು ಮನಸ್ಸಿನಿಂದ ಸ್ವಾಗತಿಸಿದ್ದಾರೆ ಅಂದೆ. ನೀರು ಪರೀಕ್ಷೆ ಆಗಬೇಕಾದರೆ ರುಜು ಹಾಕಲೇಬೇಕು ಅಂದಮೇಲೆ ಎಲ್ಲರೂ ಹಾಕಿದರು. ಕೃಷ್ಣಮ್ಮ ಗಡಸು ಅಕ್ಷರದಲ್ಲಿ ಹೆಸರು, ಗಂಡನ ಹೆಸರು, ಊರು ಮೂರನ್ನೂ ಬರೆದಳು. ಆ ಹಾಳೆಯನ್ನು ನಾವು ತಂದು ಬೀಗ ಹಾಕಿಟ್ಟೆವು.

ಗೌಪ್ಯತೆ ಅನ್ನುವ ಹುಚ್ಚು ಅಲ್ಲಿಗೂ ನಿಲ್ಲಲಿಲ್ಲ. ಫೋಟೋ ತೆಗೆಯುವ ದಿನ ಹೆಂಗಸರು ಮದುವೆ ಮನೆಗೆ ಹೊರಟವರ ಹಾಗೆ ರೇಷ್ಮೆ ಉಟ್ಟು, ಕನಕಾಂಬರ ಮುಡಿದು ನಿಂತರೆ, ಅವರನ್ನು ತಿರುಗಿಸಿ ನಿಲ್ಲಿಸಿ ಬೆನ್ನಿನ ಫೋಟೋ ತೆಗೆದೆವು. ಮುಖ ಕಾಣಬಾರದಲ್ಲ! ಹನ್ನೆರಡು ಜಡೆ, ಹನ್ನೆರಡು ಮೊಳ ಹೂವು, ದೂರದಲ್ಲಿ ಒಂದು ಬೋರ್‌ವೆಲ್. ಅದೇ ನಮ್ಮ ವರದಿಯ ಮುಖಪುಟವಾಯಿತು. ಊರಿಗೆ ಮೇಡಂ ತಾವೇ ಹೆಸರಿಟ್ಟರು: ಜಲಪುರ. ನೀರಿಲ್ಲದೆ ಒದ್ದಾಡುವ ಊರಿಗೆ ಜಲಪುರ! ಕೃಷ್ಣಮ್ಮನಿಗೆ 'ಸರಸು' ಅಂತ, ಆಕೆಯ ಬೋರಿಗೆ 'ಬೋರ್‌ವೆಲ್ ಮೂರು' ಅಂತ ಹೆಸರಾಯಿತು. ಯಾವ ಅಂಕಿ ಯಾವ ಮನೆಯದು ಅನ್ನುವ ಸಂಕೇತದ ಹಾಳೆ ಎರಡೇ ಕಡೆ ಇತ್ತು. ಮೇಡಂ ಲ್ಯಾಪ್‌ಟಾಪಿನಲ್ಲಿ ಒಂದು, ಸ್ಯಾಂಪಲ್ ತರಲು ಮನೆ ಮನೆ ಹತ್ತುತ್ತಿದ್ದ ನನ್ನ ಫೈಲಿನಲ್ಲಿ ಒಂದು.

ಹೋದ ವರ್ಷ ಏಪ್ರಿಲ್‌ನಲ್ಲಿ ಪ್ರಯೋಗಾಲಯದಿಂದ ಫಲಿತಾಂಶ ಬಂತು. ನಮ್ಮ ಪಿಎಚ್‌ಡಿ ವಿದ್ಯಾರ್ಥಿ ಅನಿಕೇತ್ ಕಂಪ್ಯೂಟರ್ ಪರದೆ ನನ್ನ ಕಡೆ ತಿರುಗಿಸಿದ. ಮೂರನೇ ಸಾಲು ಪೂರ್ತಿ ಕೆಂಪು.

"ಕ್ರೋಮಿಯಂ. ಇರಬೇಕಾದ್ದಕ್ಕಿಂತ ನಲವತ್ತು ಪಟ್ಟು ಜಾಸ್ತಿ ಇದೆ ಗುರು, ಪಕ್ಕಾ ಆ ಶೆಡ್ಡಿಂದೇ," ಅಂದ. ಅವನ ಮುಖದಲ್ಲಿ ಲಾಟರಿ ಹೊಡೆದವನ ಸಂತೋಷ. ಒಳ್ಳೆ ಅಂಕಿ ಸಿಕ್ಕಿತ್ತಲ್ಲ, ಸಂಶೋಧನಾ ಪೇಪರ್ ಆಗುತ್ತದೆ. ಅಂಕಿ, ದಿನಾಂಕ ಎರಡನ್ನೂ ನಾನು ನನ್ನ ಸಂಕೇತದ ಹಾಳೆಯಲ್ಲಿ ಬರೆದುಕೊಂಡೆ.

ಊರಿನವರಿಗೆ ಹೇಳಬೇಕಲ್ಲವಾ ಅಂತ ನಾನು ಮೇಡಂ ಹತ್ತಿರ ಹೋದೆ. ಮೇಡಂ ಕಣ್ಣು ಅರ್ಧ ಮುಚ್ಚಿದರು. ಪೇಪರ್ ಪ್ರಕಟವಾಗುವ ತನಕ ಅಂಕಿ ಹೊರಗೆ ಹೋಗುವಂತಿಲ್ಲ. ಪ್ರಕಟವಾದ ಮೇಲೂ ಯಾರ ಬೋರ್‌ವೆಲ್ ಅಂತ ಹೇಳುವಂತಿಲ್ಲ, ಅದು ಸಮುದಾಯಕ್ಕೆ ಕೊಟ್ಟ ಮಾತು. "ನಾವು ಅವರ ನಂಬಿಕೆ ಉಳಿಸ್ಕೋಬೇಕು ಶುಭಾ," ಅಂದರು. ಅವರ ಮಾತಿನಲ್ಲಿ ಕಪಟ ಇರಲಿಲ್ಲ, ಅದೇ ನನ್ನ ಸಿಟ್ಟು. ಕಪಟಿಯಾದರೆ ಒಂದು ದಿನ ಸಿಕ್ಕಿಬೀಳುತ್ತಾನೆ. ಇವರು ಪುಣ್ಯ ಮಾಡುತ್ತಿದ್ದೇನೆ ಅಂತ ನಂಬಿಕೊಂಡೇ ಒಂದು ಮಗುವಿಗೆ ಆ ನೀರು ಕುಡಿಸುತ್ತಿದ್ದರು.

ನಾನು? ನನಗೆ ತಿಂಗಳಿಗೊಂದು ಸಂಬಳ ಬರುತ್ತಿತ್ತು, ಬಾಯಿಗೆ ಬೀಗ ಹಾಕಿಕೊಂಡೆ. ಮನಸ್ಸು ಚುಚ್ಚಿದ್ದಕ್ಕೆ ಮುಂದಿನ ಭೇಟಿಯಲ್ಲಿ ಕೃಷ್ಣಮ್ಮನಿಗೆ, "ಯಾವುದಕ್ಕೂ ನೀರು ಕುದಿಸಿ ಕುಡೀರಿ," ಅಂದೆ. ಏನೋ ದೊಡ್ಡ ಉಪಕಾರ ಮಾಡಿದವಳ ಹಾಗೆ ವಾಪಸ್ ಬಂದು ಅನಿಕೇತ್‌ಗೆ ಹೇಳಿದರೆ ಅವನು ಹಣೆ ಚಚ್ಚಿಕೊಂಡ. "ಕುದಿಸಿದ್ರೆ ಲೋಹ ಎಲ್ಲಿಗೆ ಹೋಗುತ್ತೆ? ನೀರು ಆವಿಯಾಗಿ ಇನ್ನೂ ಗಟ್ಟಿ ಆಗುತ್ತೆ ಅಷ್ಟೇ." ಇನ್ನೊಂದು ಸಲ ಹೋಗಿ, ಕುದಿಸಬೇಡಿ ಅಂತ ಹೇಳಲು ನನಗೆ ಮುಖ ಇರಲಿಲ್ಲ. ಯಾಕೆ ಅಂತ ಕೇಳಿದರೆ ಏನು ಹೇಳಲಿ? ಪ್ರತಿ ತಿಂಗಳೂ ಹೋದೆ, ಬಂದೆ. ರಿಪೋರ್ಟ್ ಎಲ್ಲಿ ಅಂತ ಅವರು ಕೇಳಿದಾಗಲೆಲ್ಲ "ಬರ್ತಾ ಇದೆ" ಅಂದೆ.

ಈ ವರ್ಷ ರಿಪೋರ್ಟ್ ಬಂತು. ನುಣುಪು ಕಾಗದ, ಮೇಲೆ ಹನ್ನೆರಡು ಬೆನ್ನು. ಬಿಡುಗಡೆ ಸಮಾರಂಭ ಹೆಬ್ಬಾಳದ ಒಂದು ಹೋಟೆಲಿನಲ್ಲಿ ಆಯಿತು. ಹೊನ್ನಕುಂಟೆಯವರನ್ನು ಕರೆಯಲಿಲ್ಲ, ಕರೆದರೆ ಗುರುತು ಸಿಕ್ಕಿಬಿಡುತ್ತದಲ್ಲ. ಆದರೂ ಒಂದು ಪ್ರತಿಯನ್ನು ನಾನು ಕೊಂಡೊಯ್ದು ಕೃಷ್ಣಮ್ಮನ ಕೈಗಿಟ್ಟೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು. ಅದೇ ವಾರ ಹನ್ನೆರಡು ಹೆಂಗಸರೂ ಸೇರಿ, ಶೆಡ್ ಮುಚ್ಚಿಸಿ ಅಂತ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟರು. ಜೂನ್ ತಿಂಗಳಿಗೆ ವಿಚಾರಣೆ ನಿಗದಿಯಾಯಿತು.

ವಿಚಾರಣೆಗೆ ತಾವೂ ಬರುತ್ತೇನೆ ಅಂತ ಮೇಡಂ ಅಂದಾಗ ನನಗೆ ಆಶ್ಚರ್ಯವಾಯಿತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ವ್ಯಾನು ಮುಕ್ಕಾಲು ಗಂಟೆ ನಿಂತಿತ್ತು. ಅಷ್ಟು ಹೊತ್ತೂ ಅವರು ಇದು ಸಹಭಾಗಿತ್ವದ ಇತಿಹಾಸದಲ್ಲಿ ಎಂಥ ಗಳಿಗೆ ಅಂತ ಹೇಳಿದರು. ನಾನು ಫೈಲು ತೊಡೆಯ ಮೇಲಿಟ್ಟುಕೊಂಡು ಲಾರಿಗಳನ್ನು ನೋಡುತ್ತಾ ಕೂತಿದ್ದೆ.

ಉಪವಿಭಾಗಾಧಿಕಾರಿ ಒಳ್ಳೆಯವನೇ. ದಣಿದ ಮುಖ, ಮೇಜಿನ ಮೇಲೆ ಕಡತದ ಗುಡ್ಡೆ. ಕೃಷ್ಣಮ್ಮ ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದ ವರದಿಯನ್ನು ಬಿಚ್ಚಿ ಆತನ ಮುಂದಿಟ್ಟಳು. ಆತ ತಾಳ್ಮೆಯಿಂದ ಹತ್ತು ನಿಮಿಷ ಓದಿದ. ಎದುರು ಬೆಂಚಿನಲ್ಲಿ ಅನಂತರಾಜು, ಬಿಳಿ ಅಂಗಿ, ಬೆರಳಿಗೆ ಮೂರು ಉಂಗುರ. ಪಕ್ಕದಲ್ಲಿ ಅವನ ವಕೀಲ.

"ಇದರಲ್ಲಿ ಜಲಪುರ ಅಂತಿದೆಯಲ್ಲಮ್ಮ," ಅಂದ ಅಧಿಕಾರಿ.

ವಕೀಲ ಕಾದು ಕೂತಿದ್ದವನ ಹಾಗೆ ಎದ್ದ. "ಸ್ವಾಮಿ, ಜಲಪುರ ಅನ್ನೋ ಊರು ಈ ತಾಲ್ಲೂಕಲ್ಲೇ ಇಲ್ಲ. ನಮ್ಮ ಕಕ್ಷಿದಾರರ ಶೆಡ್ ಇರೋದು ಹೊನ್ನಕುಂಟೇಲಿ. ಈ ಪುಸ್ತಕದಲ್ಲಿ ಹೊನ್ನಕುಂಟೆ ಅನ್ನೋ ಪದ ಒಂದ್ ಕಡೆ ತೋರಿಸ್ಲಿ, ನಾವೇ ಬೀಗ ಹಾಕ್ತೀವಿ."

"ಸರಸು ಅಂತ ಒಬ್ಬರ ಹೇಳಿಕೆ ಇದೆ," ಅಂತ ಅಧಿಕಾರಿ ಪುಟ ತಿರುಗಿಸಿದ. "ನೀರು ಹಳದಿ ಬರುತ್ತೆ ಅಂತ. ಯಾರು ಸರಸು?"

"ನಾನೇ ಸ್ವಾಮಿ," ಅಂದಳು ಕೃಷ್ಣಮ್ಮ.

"ಅರ್ಜೀಲಿ ಕೃಷ್ಣಮ್ಮ ಅಂತಿದೆ?"

"ಅದೂ ನಾನೇ."

ಅನಂತರಾಜು ಹಲ್ಲು ಕಿರಿದ. "ಅಕ್ಕ, ಯಾವಾಗ ಎಸ್ರು ಬದಲಾಯಿಸ್ಕೊಂಡೆ? ನಾಮಕರಣಕ್ಕೆ ನಮ್ಮನ್ನ ಕರೀಲೇ ಇಲ್ಲ!"

ಕೋಣೆಯಲ್ಲಿದ್ದ ಗುಮಾಸ್ತರೂ ನಕ್ಕರು. ಕೃಷ್ಣಮ್ಮ ಮುಖಪುಟ ತೋರಿಸಿ, "ಈ ಬೆನ್ನು ನಂದೇ ಸ್ವಾಮಿ, ಎಡಗಡೆಯಿಂದ ಎರಡನೇದು," ಅಂದಳು. ಪಾಪ ಆ ಅಧಿಕಾರಿ ಬೆನ್ನು ನೋಡಿ ಯಾರನ್ನು ಗುರುತಿಸಬೇಕು? ಆತ ನಮ್ಮ ಕಡೆ ತಿರುಗಿ, ವಿಶ್ವವಿದ್ಯಾಲಯದವರೇ ಬಂದಿದ್ದೀರಿ, ಬೋರ್‌ವೆಲ್ ಮೂರು ಯಾರದು ಅಂತ ಹೇಳಿಬಿಡಿ, ಈಗಲೇ ಆದೇಶ ಬರೆಯುತ್ತೇನೆ ಅಂದ.

ಮೇಡಂ ಎದ್ದು ನಿಂತರು. ಭಾಗವಹಿಸಿದವರ ಗುರುತನ್ನು ಬಹಿರಂಗಪಡಿಸುವುದು ಸಂಶೋಧನಾ ನೀತಿಗೆ ವಿರುದ್ಧ ಅಂದರು. ಅದಕ್ಕೆ ನೀತಿ ಸಮಿತಿಯ ಅನುಮತಿ ಬೇಕು, ಸಮಿತಿ ಸೇರುವುದು ಸೆಪ್ಟೆಂಬರಿನಲ್ಲಿ ಅಂದರು. ಅಷ್ಟನ್ನೂ ನಾನು ಕನ್ನಡಕ್ಕೆ ತಂದೆ.

"ನಾನೇ ಒಪ್ಪಿಗೆ ಕೊಡ್ತಾ ಇದೀನಲ್ಲ ತಾಯಿ, ನನ್ನ ಎಸ್ರು ಏಳಿ," ಅಂತ ಕೃಷ್ಣಮ್ಮ ಕೈ ಮುಗಿದಳು.

ಮೇಡಂ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು. "ನಿಮ್ಮ ಸುರಕ್ಷತೆಗೋಸ್ಕರ ನಾನು ಇದನ್ನ ಮಾಡೋ ಹಾಗಿಲ್ಲ," ಅಂತ ಇಂಗ್ಲಿಷಿನಲ್ಲಿ ಹೇಳಿ, ಭಾಷಾಂತರಿಸು ಅನ್ನುವಂತೆ ನನ್ನ ಕಡೆ ನೋಡಿದರು.

ನನಗೆ ಮೈಯೆಲ್ಲ ಉರಿಯಿತು. ವಕೀಲ ಆಗಲೇ ಕಡತ ಕಟ್ಟುತ್ತಿದ್ದ. ಅನಂತರಾಜು ಮೊಬೈಲ್ ತೆಗೆದು ಯಾರಿಗೋ "ಆಯ್ತು ಮಗಾ, ಮುಗೀತು" ಅನ್ನುತ್ತಿದ್ದ. ನಾನು ಫೈಲಿನಿಂದ ಸಂಕೇತದ ಹಾಳೆ ಎಳೆದು, "ಶುಭಾ, ನೋ," ಅಂತ ಮೇಡಂ ತೋಳು ಹಿಡಿಯುವಷ್ಟರಲ್ಲಿ ಅಧಿಕಾರಿಯ ಮೇಜಿನ ಮೇಲಿಟ್ಟೆ. ಬೋರ್‌ವೆಲ್ ಮೂರು ಹೊನ್ನಕುಂಟೆಯ ಕೃಷ್ಣಮ್ಮನದು, ಲಕ್ಕಣ್ಣನವರ ಹೆಂಡತಿ, ಮನೆ ನಂಬರ್ ಹದಿನೆಂಟು ಅಂತ ಕೂಗಿಯೇ ಹೇಳಿದೆ. ಕೆಲಸ ಹೋಯಿತು ಅಂತ ಆ ಕ್ಷಣವೇ ಗೊತ್ತಾಯಿತು. ಹೋದರೆ ಹೋಗಲಿ! ಇಷ್ಟು ವರ್ಷ ಗಾಜಿನ ಕಟ್ಟಡದಲ್ಲಿ ಕೂತ ಹೇಡಿಗಳ ನಡುವೆ ಬೆನ್ನುಮೂಳೆ ಇದ್ದವಳು ನಾನೊಬ್ಬಳೇ ಅನ್ನಿಸಿ ಎದೆ ಉಬ್ಬಿತು. ಹಿಂದೆ ಗೋಡೆಗೊರಗಿ ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು.

ಅಧಿಕಾರಿ ಹಾಳೆ ಓದಿದ. ದಾಖಲೆಗೆ ಸೇರಿಸಲು ಗುಮಾಸ್ತನಿಗೆ ಒಂದೊಂದೇ ಕಾಲಂ ಗಟ್ಟಿಯಾಗಿ ಹೇಳತೊಡಗಿದ. ಸಂಕೇತ ಸಂಖ್ಯೆ, ಮನೆಯವರ ಹೆಸರು, ಸ್ಯಾಂಪಲ್ ತೆಗೆದವರು ಶುಭಾ, ಕ್ರೋಮಿಯಂ ಪ್ರಮಾಣ ಎಲ್ಲ ಆಯಿತು. ಕೊನೆಯ ಕಾಲಂ ಹತ್ತಿರ ಆತನ ಪೆನ್ನು ನಿಂತಿತು.

"ಫಲಿತಾಂಶ ಬಂದ ದಿನಾಂಕ, ಏಪ್ರಿಲ್ ಹದಿನೇಳು," ಅಂದ. ಕನ್ನಡಕ ತೆಗೆದ. "ಹೋದ ವರ್ಷ?"

ಆತ ಮತ್ತೇನೂ ಕೇಳದೆ ಆದೇಶ ಬರೆಸಿದ. ಶೆಡ್ಡಿನ ಕೆಲಸ ಇವತ್ತಿನಿಂದಲೇ ನಿಲ್ಲಬೇಕು, ನಾಳೆ ಸರ್ಕಾರದ ವತಿಯಿಂದ ನೀರಿನ ಮರುಪರೀಕ್ಷೆ, ಅದರ ಫಲಿತಾಂಶ ಬರುವವರೆಗೆ ಊರಿಗೆ ಟ್ಯಾಂಕರ್ ನೀರು. ಅನಂತರಾಜುವಿನ ಮುಖ ಹುಳ್ಳಗಾಯಿತು. ಮೇಡಂ ನನ್ನ ಮುಖ ನೋಡದೆ ವ್ಯಾನಿನ ಕಡೆ ನಡೆದರು.

ನಾನು ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತೆ. ಸುಳ್ಳು ಯಾಕೆ ಹೇಳಲಿ, ಹೆಂಗಸರು ಬಂದು ನನ್ನನ್ನು ಸುತ್ತಿಕೊಳ್ಳುತ್ತಾರೆ ಅಂತಲೇ ನಿಂತಿದ್ದೆ. ಅವರು ಒಬ್ಬೊಬ್ಬರಾಗಿ ನನ್ನ ಪಕ್ಕದಿಂದ ಸರಿದು ಕೆಳಗಿಳಿದರು. ಕೃಷ್ಣಮ್ಮ ಮಾತ್ರ ನಿಂತಳು.

"ಓದ್ ವರ್ಸಾನೇ ಬಂದಿತ್ತಂತೆ ರಿಪೋಲ್ಟು. ನಿಂಗೆ ಗೊತ್ತಿತ್ತಾ ಸುಬಮ್ಮ?"

"ಗೊತ್ತಿತ್ತು ಕೃಷ್ಣಮ್ಮಾರೇ. ಆದ್ರೆ ಹೇಳೋ ಹಾಗಿರ್ಲಿಲ್ಲ. ಮೇಡಂ ಅವರು—"

"ಮೇಡಮ್ಮುಂದು ಬಿಡು. ಅವ್ರು ನಮ್ ಮನೆ ಒಸ್ಲು ತುಳಿದೋರಲ್ಲ." ಆಕೆಯ ದನಿಯಲ್ಲಿ ಜಗಳ ಇರಲಿಲ್ಲ. ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದಳು. "ಓದ್ ವರ್ಸ ಯುಗಾದಿಗೆ ಬಂದು ಒಬ್ಬಟ್ಟು ತಿಂದೆ. ಎರಡು ಲೋಟ ಕಾಫಿ ಕುಡ್ದೆ. ಅದಾದ್ಮೇಲೆ ಗ್ಯಾಸ್ಟ್ರಿಕ್ ಅಂತ ನಮ್ಮನೇಲಿ ಕಾಫಿ ಮುಟ್ಟಲಿಲ್ಲ ನೀನು."

ನಾನು ಫೈಲನ್ನು ಎದೆಗೊತ್ತಿಕೊಂಡೆ.

"ಪಾಪ, ಒಟ್ಟೆ ನೋವು ಅಂತ ಬಂದಾಗೆಲ್ಲ ಜೀರಿಗೆ ಕಷಾಯ ಕಾಸಿ ಬಾಟ್ಲಿಗೆ ಆಕ್ ಕೊಡ್ತಿದ್ದೆ. ದಾರೀಲಿ ಕುಡೀತೀನಿ ಅಂತ ನೀನು ತಗೊಂಡ್ ಓಗ್ತಿದ್ದೆ." ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಕುಡೀತಿದ್ಯಾ?"

ಪ್ರತಿ ಸಲವೂ ಮಾಕಳಿ ಬರುವ ಮೊದಲೇ ವ್ಯಾನಿನ ಕಿಟಕಿಯಿಂದ ಅದನ್ನು ಚೆಲ್ಲಿ, ನನ್ನ ಕ್ಯಾನ್ ನೀರಿನಲ್ಲಿ ಬಾಟಲಿಯನ್ನು ಎರಡು ಸಲ ತೊಳೆಯುತ್ತಿದ್ದೆ. ಹದಿನಾಲ್ಕು ತಿಂಗಳು.

"ಇಲ್ಲ," ಅಂದೆ.

ಆಕೆ ತಲೆಯಾಡಿಸಿದಳು. ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡಳು.

"ಸದ್ಯ," ಅಂದಳು. "ನೀನಾದ್ರೂ ಉಳ್ಕೊಂಡೆ."

ಆಮೇಲೆ ಬಸ್ಸು ಬಂತು ಅಂತ ಯಾರೋ ಕೂಗಿದರು, ಆಕೆ ಇಳಿದು ಹೋದಳು.